ಅಕ್ಕ ಅಳಿಸಿದ ಖಾತೆ

ಆಸ್ಪತ್ರೆಯಲ್ಲಿ ನನ್ನ ಓರಗಿತ್ತಿಗೆ ಇದ್ದ ಅಡ್ಡಹೆಸರು ‘ಯಾಕ್ಬೇಕು ಅಕ್ಕ’. ನನಗೆ ಬರೀ ಅಕ್ಕ. ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು, ಒಂದೇ ಆಸ್ಪತ್ರೆಯಲ್ಲಿ ದುಡಿದವರು. ನಾನು ನೆಲಮಾಳಿಗೆಯ ಬಟ್ಟೆ ಉಗ್ರಾಣದಲ್ಲಿ ಹೊದಿಕೆ, ದಿಂಬಿನ ಚೀಲಗಳನ್ನು ನೋಡಿಕೊಳ್ಳುತ್ತಿದ್ದೆ. ಪಕ್ಕದ ಕಂಪ್ಯೂಟರ್ ಕೋಣೆಯಲ್ಲಿ ಅಕ್ಕ. ನಡುವೆ ಒಂದೇ ಗೋಡೆ. ಆಕೆ ಕೆಮ್ಮಿದರೂ ನನಗೆ ಕೇಳಿಸುತ್ತಿತ್ತು.

ಕೆಲಸಕ್ಕೆ ಸೇರಿದವರಿಗೆ ಕಂಪ್ಯೂಟರಿನಲ್ಲಿ ಖಾತೆ ತೆರೆಯುವುದು, ಅವರನ್ನು ತಕ್ಕ ಗುಂಪಿಗೆ ಸೇರಿಸುವುದು, ಬಿಟ್ಟುಹೋದವರ ಖಾತೆ ಮುಚ್ಚುವುದು ಅಕ್ಕನ ಕೆಲಸ. ಆಕೆಯ ಕಂಪ್ಯೂಟರ್ ತೆರೆಯ ಎಡಕ್ಕೆ ವಿಭಾಗಗಳು ಕೊಂಬೆಗಳ ಹಾಗೆ ಬಿಚ್ಚಿಕೊಳ್ಳುತ್ತಿದ್ದವು. ಒಂದನ್ನು ಒತ್ತಿದರೆ ಬಲಕ್ಕೆ ಹೆಸರುಗಳು, ಪ್ರತಿ ಹೆಸರಿನ ಪಕ್ಕ ಒಂದು ಪುಟ್ಟ ತಲೆಯ ಚಿತ್ರ. ಗುಂಪಾದರೆ ಎರಡು ತಲೆ. ಔಷಧಾಲಯದ ಗುಂಪಿಗೆ ಸೇರಿಸಿದರೆ ಔಷಧಾಲಯದ ಕಡತಗಳು ತೆರೆಯುತ್ತವೆ. ಸೇರಿಸದಿದ್ದರೆ ತಲೆಕೆಳಗಾಗಿ ನಿಂತರೂ ಇಲ್ಲ.

ಈ ಸೇರಿಸುವ ವಿಷಯದಲ್ಲಿ ಅಕ್ಕನಷ್ಟು ಜಿಪುಣಿಯನ್ನು ನಾನು ಕಾಣೆ. ದೊಡ್ಡ ಸರ್ಜನ್ನೇ ಬಂದು ನಿಂತರೂ ಮೊದಲ ಮಾತು, “ನಿಮಗ್ಯಾಕೆ ಬೇಕು?” ಮನೆಯಲ್ಲೂ ಅದೇ ಬುದ್ಧಿ. ಸಕ್ಕರೆ ಡಬ್ಬಿಗೆ ಕೈ ಹಾಕಿದರೆ ಅಡುಗೆಮನೆಯ ಆ ತುದಿಯಿಂದಲೇ, “ಯಾಕೆ?” ನಾನೂ ಬಿಡುತ್ತಿರಲಿಲ್ಲ. “ತಿನ್ನೋಕೆ ಕಣಕ್ಕ, ಮಾರೋಕಲ್ಲ” ಅನ್ನುತ್ತಿದ್ದೆ. ಈಗ ಸಕ್ಕರೆ ಡಬ್ಬಿ ನನ್ನ ಕೈಗೇ ಸಿಗುತ್ತದೆ, ಕೇಳುವವರಿಲ್ಲ. ಆ ದನಿ ಇನ್ನೊಮ್ಮೆ ಕೇಳಲಿ ಅಂತ ಎಷ್ಟು ಸಲ ಅನ್ನಿಸಿದೆಯೋ.

ಅಂಥ ಅಕ್ಕ ಮೆತ್ತಗಾಗುತ್ತಿದ್ದದ್ದು ಒಬ್ಬರ ಎದುರು ಮಾತ್ರ. ಅವರು ಟೆಲಿಫೋನ್ ಆಪರೇಟರ್. ಎಲ್ಲರೂ ಅವರನ್ನು ಹಲೋ ಅಮ್ಮ ಅನ್ನುತ್ತಿದ್ದೆವು. ಅಕ್ಕ ಕೆಲಸಕ್ಕೆ ಬಂದ ಹೊಸದರಲ್ಲಿ, ಯಾರು ಎಲ್ಲಿ ಕೂರುತ್ತಾರೆ, ಯಾರ ಕೋಪ ಎಷ್ಟು ಹೊತ್ತಿನದು ಎಂದು ಹೇಳಿಕೊಟ್ಟವರು ಅವರೇ. ಅವರ ಹಲೋ ಕೇಳಿದರೆ ಗಾಬರಿಯಲ್ಲಿ ಫೋನು ಮಾಡಿದವರೂ ಒಂದು ಉಸಿರು ನಿಧಾನ ಬಿಡುತ್ತಿದ್ದರು.

ಹಲೋ ಅಮ್ಮನಿಗೆ ಗಂಟಲಿನ ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಟ್ಟಲೆ ರಜೆ. ದೀರ್ಘ ರಜೆಯವರ ಖಾತೆಯನ್ನೂ ನಿವೃತ್ತರಾದವರ ಖಾತೆಯನ್ನೂ ಅಕ್ಕ ಸ್ಥಗಿತಗೊಳಿಸಿ ಒಂದೇ ಮೂಲೆಯಲ್ಲಿ ಇಡುತ್ತಿದ್ದಳು. ಒಂದು ಗುರುವಾರ, ನಿವೃತ್ತರ ಖಾತೆಗಳನ್ನು ತೆಗೆದುಹಾಕಿ ಎಂದು ಆಡಳಿತ ಕಚೇರಿಯಿಂದ ಸೂಚನೆ ಬಂತು. ಅಕ್ಕ ಆ ಮೂಲೆಯ ಮೇಲಿನ ಹೆಸರಿನಿಂದ ಕೆಳಗಿನ ಹೆಸರಿನ ತನಕ ಒಟ್ಟಿಗೆ ಹಿಡಿದು ಅಳಿಸಿದಳು. ಖಾತ್ರಿಯೇ ಎಂದು ಕಂಪ್ಯೂಟರ್ ಕೇಳಿತು. ಊರಿಗೆಲ್ಲ ಯಾಕೆ ಯಾಕೆ ಅನ್ನುವವಳು ಆ ಒಂದು ಸಲ ಹೂಂ ಅಂದುಬಿಟ್ಟಳು.

ಮಾರನೆಯ ದಿನ ಹಲೋ ಅಮ್ಮನ ಮಗಳು ಫೋನು ಮಾಡಿದಳು. ಅಮ್ಮ ಸೋಮವಾರದಿಂದ ಬರ್ತಾರೆ ಅಂದಳು. ಖಾತೆ ಮತ್ತೆ ಚಾಲೂ ಮಾಡಲು ಹೋದ ಅಕ್ಕನಿಗೆ ಆ ಹೆಸರು ಎಲ್ಲೂ ಸಿಗಲಿಲ್ಲ. ಗೋಡೆಯ ಈಚೆಗಿದ್ದ ನನಗೆ ಆಚೆಯಿಂದ ಕೀಲಿಮಣೆಯ ಸದ್ದೂ ಕೇಳಲಿಲ್ಲ. ಏನಾಯಿತೋ ಎಂದು ಹೋಗಿ ನೋಡಿದರೆ ಮುಖ ಬಿಳಿಚಿಕೊಂಡು ಕೂತಿದ್ದಾಳೆ.

“ಹಲೋ ಅಮ್ಮನ ಖಾತೆ ಅಳಿಸಿಬಿಟ್ಟೆ ಕಣೇ.”

“ಅಷ್ಟೇ ತಾನೆ? ಅದೇ ಹೆಸರಲ್ಲಿ ಇನ್ನೊಂದು ಮಾಡು.”

“ಈ ಕಂಪ್ಯೂಟರು ಹೆಸರು ನೋಡಲ್ಲ ಕಣೇ. ಒಂದೊಂದು ಖಾತೆಗೂ ಒಳಗೆ ಅದರದ್ದೇ ಗುರುತಿನ ಸಂಖ್ಯೆ ಇರುತ್ತೆ. ಅಳಿಸಿದ್ರೆ ಅದು ಹೋಯ್ತು. ಹೊಸದು ಮಾಡಿದ್ರೆ ಇದಕ್ಕೆ ಅವರು ಇವತ್ತು ಸೇರಿದೋರು. ಒಂದು ಗುಂಪಲ್ಲೂ ಇರಲ್ಲ, ಒಂದು ಕಡತಾನೂ ತೆರೆಯಲ್ಲ.”

ನಕಲು ತೆಗೆದಿಟ್ಟ ಟೇಪಿನಿಂದ ಹಳೆಯದನ್ನು ತರಬೇಕೆಂದರೆ ಇಡೀ ಆಸ್ಪತ್ರೆಯ ಕಂಪ್ಯೂಟರುಗಳನ್ನು ಅರ್ಧ ದಿನ ನಿಲ್ಲಿಸಬೇಕಿತ್ತು. ಅದು ಆಗದ ಮಾತು.

ಅಕ್ಕನ ಸಂಕಟ ಬರೀ ಖಾತೆಯದಲ್ಲ. ದನಿ ಹೋದವರು ಫೋನಿನ ಮುಂದೆ ಕೂತು ಏನು ಮಾಡುತ್ತಾರೆ ಎಂದು ಕಚೇರಿ ಮೇಲ್ವಿಚಾರಕ ಆಗಲೇ ರಾಗ ತೆಗೆದಿದ್ದ. ಒಂದು ದಿನ ಕೂರಿಸಿ ನೋಡೋಣ ಅಂದಿದ್ದ. ಆ ಮನುಷ್ಯನನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

“ಸೋಮವಾರ ಅವರು ಏನೂ ತೆಗೆಯೋಕಾಗದೆ ಪರದಾಡಿದ್ರೆ ಅವನಿಗೆ ಅಷ್ಟೇ ಸಾಕು” ಅಂದಳು ಅಕ್ಕ. “ಮನೇಲಿ ಆರಾಮಾಗಿರಿ ಅಂತ ಕಳಿಸ್ತಾನೆ. ಆ ಕುರ್ಚಿ ಬಿಟ್ಟು ಅವರು ಬದುಕಲ್ಲ ಕಣೇ.”

ಯಾವ ಯಾವ ಗುಂಪಿನಲ್ಲಿ ಹಲೋ ಅಮ್ಮ ಇದ್ದರೆಂದು ಅಕ್ಕನಿಗೂ ಪೂರ್ತಿ ನೆನಪಿರಲಿಲ್ಲ. ಕೆಲವು ಗುಂಪುಗಳಂತೂ ಆಕೆ ಬರುವ ಮುಂಚಿನವು. ಉಳಿದದ್ದು ಒಂದೇ ದಾರಿ, ಮನೆಮನೆ ತಿರುಗಿದ ಹಾಗೆ ವಿಭಾಗ ವಿಭಾಗ ತಿರುಗಿ ಕೇಳುವುದು. ಕೇಳಬೇಕೆಂದರೆ ತಪ್ಪನ್ನು ಹೇಳಿಕೊಳ್ಳಬೇಕು. ಯಾರೆದುರೂ ತಲೆ ತಗ್ಗಿಸದ ಹೆಂಗಸು ಮಹಡಿ ಹತ್ತಿ ಇಳಿದಳು. ಔಷಧಾಲಯದವನಿಗೆ ಹಬ್ಬವೋ ಹಬ್ಬ. “ನಮ್ಮ ಗುಂಪಿನ ವಿಚಾರ ನಿಮಗ್ಯಾಕೆ ಬೇಕು?” ಎಂದು ಮೀಸೆಯಲ್ಲೇ ನಕ್ಕ. ಅಕ್ಕ ಆದದ್ದನ್ನು ಹೇಳಿದಳು. ಆಮೇಲೆ ಅವನೇ, “ಇದ್ರು ಕಣಮ್ಮ, ರಾತ್ರಿ ಪಾಳಿ ಯಾರದ್ದು ಅಂತ ನೋಡ್ತಿದ್ರು” ಅಂದ.

ರಕ್ತನಿಧಿಯವರು, ದಾನಿಗಳ ಫೋನ್ ನಂಬರು ಬದಲಾದರೆ ತಿದ್ದುತ್ತಿದ್ದವರೇ ಅವರು ಅಂದರು. ಆಂಬುಲೆನ್ಸ್ ಚಾಲಕರು, ನಮ್ಮ ಪಾಳಿ ಅವರಿಗೆ ಬಾಯಿಪಾಠ ಅಂದರು. ಅಲ್ಲಿಯ ತನಕ ಸರಿಯಿತ್ತು. ಹೆರಿಗೆ ವಾರ್ಡಿನ ಹಿರಿಯ ನರ್ಸ್, ಮಕ್ಕಳ ಫೋಟೋ ಹಾಕುವ ನಮ್ಮ ಗುಂಪಿನಲ್ಲೂ ಇದ್ದರು ಅಂದಾಗ ಅಕ್ಕನಿಗೆ ಅನುಮಾನ ಬಂತು. ಅಡುಗೆ ವಿಭಾಗದವರೂ, ನಮ್ಮಲ್ಲೂ ಇದ್ದರು ಅಂದರು. ತೋಟದ ಮಾಲಿ ಕೂಡ ಅದನ್ನೇ ಹೇಳಿದ. ಕೊನೆಗೆ ಸುಸ್ತಾಗಿ ಬಂದು ನನ್ನ ಉಗ್ರಾಣದ ಸ್ಟೂಲಿನ ಮೇಲೆ ಕೂತಳು.

“ನಮ್ಮ ಗುಂಪಲ್ಲೂ ಇದ್ರು” ಅಂದೆ ನಾನು.

“ನಿನ್ನ ಬೆಡ್‌ಶೀಟ್ ಲೆಕ್ಕ ತಗೊಂಡು ಅವರೇನು ಮಾಡ್ತಾರೆ? ಆ ಗುಂಪು ಮಾಡಿದ್ದೇ ನಾನು.”

“ಇದ್ರು ಅಂದ್ರೆ ಇದ್ರು.”

ಅಕ್ಕ ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಎದ್ದು ತನ್ನ ಕೋಣೆಗೆ ಹೋದಳು.

ಸೋಮವಾರ ಬೆಳಿಗ್ಗೆ ಹಲೋ ಅಮ್ಮ ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ದನಿ ತಗಡು ಕೆರೆದ ಹಾಗಿತ್ತು. ಮೇಲ್ವಿಚಾರಕ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದ. ಅಕ್ಕ ಹೊಸ ಪಾಸ್‌ವರ್ಡ್ ಹೇಳಿ, ಮುಚ್ಚುಮರೆ ಇಲ್ಲದೆ, “ನಿಮ್ಮನ್ನ ನಾನೇ ಅಳಿಸಿಬಿಟ್ಟಿದ್ದೆ. ಮತ್ತೆ ಮಾಡಿದೀನಿ” ಅಂದಳು.

“ಆ ಕಾಯಿಲೆ ಕೈಲಿ ಆಗದ್ದನ್ನ ನೀನು ಮಾಡಿದೆ ಅನ್ನು” ಎಂದು ಹಲೋ ಅಮ್ಮ ಕೆರೆದ ಗಂಟಲಲ್ಲೇ ನಕ್ಕರು.

ಪಾಳಿಗಳು ತೆರೆದವು. ದಾನಿಗಳ ನಂಬರುಗಳು ತೆರೆದವು. ಮೇಲ್ವಿಚಾರಕ ಕಟ್ಟಿದ ಕೈ ಬಿಟ್ಟ. ಹಲೋ ಅಮ್ಮನ ಬೆರಳು ಮಾತ್ರ ಕೆಳಕ್ಕೆ ಇಳಿಯುತ್ತಲೇ ಹೋಯಿತು. ಹುಟ್ಟಿದ ಮಕ್ಕಳ ಫೋಟೋ, ನಾಳೆಯ ಅಡುಗೆ, ಗಿಡಗಳಿಗೆ ನೀರು ಬಿಡುವ ಹೊತ್ತು, ನನ್ನ ದಿಂಬಿನ ಚೀಲಗಳು.

“ಇದೆಲ್ಲ ನನಗಿರಲಿಲ್ವಲ್ಲೇ” ಅಂದರು. “ಇಷ್ಟು ಜನರ ಜೊತೆ ನಾನು ಯಾವಾಗಿದ್ದೆ?”

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಮತ್ತೆ ಹಾಕಿಕೊಂಡಳು.

“ಇದ್ರಿ ಅಂತ ಅವರೆಲ್ಲ ಹೇಳ್ತಾರೆ” ಅಂದಳು. “ನಾನು ಒಬ್ಬೊಬ್ಬರನ್ನೂ ಕೇಳ್ಕೊಂಡು ಬಂದಿದೀನಿ.”