ಬೇವು ಕಟ್ಟಿದ್ದು ಅವನು ಹೋದ ಮೇಲೆ

ನನ್ನ ದನಿ ಜೋರು. ವಾರ್ಡಿನ ಈ ತುದಿಯಲ್ಲಿ ಕೂಗಿದರೆ ಆ ತುದಿಯಲ್ಲಿ ಮಲಗಿದವನು ಎದ್ದು ಕೂರುತ್ತಾನೆ. ಇಪ್ಪತ್ತೆರಡು ವರ್ಷದಿಂದ ನರ್ಸ್ ಕೆಲಸ. ಮೆತ್ತಗೆ ಮಾತಾಡಿದರೆ ಯಾರೂ ಮಾತ್ರೆ ನುಂಗಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅದೇ ದನಿ ನನ್ನ ಕಿವಿಯೊಳಗೆ ಬಂದು ಕೂತಿದೆ. ತರಕಾರಿ ಹೆಚ್ಚುವಾಗ, ಬಸ್ಸಿನಲ್ಲಿ ಟಿಕೆಟಿಗೆ ಕೈ ಚಾಚಿದಾಗ, ಇದ್ದಕ್ಕಿದ್ದ ಹಾಗೆ ಕೇಳುತ್ತೆ: "ಯಾರ್ ಯಾರ್ ಜೊತೆ ಮಲಗಿದ್ದೆ, ಏಳ್ಲಾ." ಸ್ವಂತ ತಮ್ಮನನ್ನು ನಾನು ಕೇಳಿದ ಮಾತು, ಅದೂ ಅವ್ವನ ಎದುರಿಗೆ.

ನಮ್ಮ ಮನೆ ಹೊಳೆನರಸೀಪುರದಲ್ಲಿ. ಅವ್ವ ನನ್ನ ಜೊತೆಗೇ ಇದ್ದಾಳೆ. ತಮ್ಮ ಅರಕಲಗೂಡಿನಲ್ಲಿ ಟೈಲರ್, ಅಂಗಡಿಯ ಹಿಂದಿನ ಕೋಣೆಯಲ್ಲೇ ವಾಸ. ಬ್ಲೌಸ್ ಹೊಲಿಯೋದರಲ್ಲಿ ಅವನನ್ನು ಮೀರಿಸೋರಿಲ್ಲ, ಮಲ್ಲಿಪಟ್ಟಣದ ಕಡೆಯಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಾರೆ. ಆರು ವರ್ಷದ ಹಿಂದೆ ಒಂದು ದಿನ ನನ್ನ ಅಳತೆ ಬರೆದುಕೊಳ್ಳುತ್ತಾ, ತಲೆ ಎತ್ತದೆ ಹೇಳಿದ: "ಅಕ್ಕ, ನಂಗೆ ಎಣ್ಣು ನೋಡ್ಬ್ಯಾಡಿ. ಆಸನದಲ್ಲಿ ಒಬ್ಬ ಅವ್ನೆ. ಅವನ್ ಜೊತೇಲೇ ನನ್ ಬದುಕು." ಹಾಸನದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನಂತೆ. ನಾನು "ಆಯ್ತು ಬಿಡು, ಅವ್ವಂಗೆ ಮಾತ್ರ ಏಳ್ಬ್ಯಾಡ" ಅಂದೆ. ಬೈಯಲಿಲ್ಲ, ಅಳಲಿಲ್ಲ. ನನ್ನಂಥ ದೊಡ್ಡ ಮನಸ್ಸಿನ ಅಕ್ಕ ಈ ತಾಲ್ಲೂಕಿನಲ್ಲೇ ಇಲ್ಲ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆ ಗೆಳೆಯನ ಜೊತೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ, ಆ ಮಾತು ಬೇರೆ.

ಮಂಕಿಪಾಕ್ಸ್ ಅಂತ ಟಿವಿಯವರು ಬಾಯಿ ಬಡಿದುಕೊಳ್ಳುತ್ತಿದ್ದ ದಿನಗಳು. ಅದೇ ಸಮಯಕ್ಕೆ ಎಂಟು ವರ್ಷದ ನನ್ನ ಮಗಳಿಗೆ ಚಿಕನ್ ಪಾಕ್ಸ್ ಆಯಿತು. ನಮ್ಮ ಕಡೆ ಅದನ್ನ ಕಾಯಿಲೆ ಅನ್ನಲ್ಲ, ಅಮ್ಮ ಬಂದವಳೆ ಅಂತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕಲ್ಲ, ಮಲಗಿದವರನ್ನು ಬೈಯುವಂತಿಲ್ಲ. ಬೈದರೆ ಅಮ್ಮನನ್ನೇ ಬೈದ ಹಾಗೆ. ನಾನು ನರ್ಸಾದರೂ ಬೇವು ಕಟ್ಟಿದೆ, ಮಗಳು ಹಟ ಮಾಡಿದರೂ ತುಟಿ ಬಿಚ್ಚಲಿಲ್ಲ. ಭಾನುವಾರ ತಮ್ಮ ಬಂದ. ಅವನಿಗೆ ಚಿಕ್ಕಂದಿನಲ್ಲಿ ಅಮ್ಮ ಆಗಿರಲಿಲ್ಲ, ಆದರೂ ಇಡೀ ದಿನ ಮಗಳ ಪಕ್ಕ ಕೂತು, ಮೊಸರನ್ನ ಕಲಸಿ ತಿನ್ನಿಸಿ, ಬೇವಿನ ಎಸಳಿಂದ ಅವಳ ಬೆನ್ನು ಸವರಿ ಹೋದ. ಇಷ್ಟು ಹೇಳಿದ ಮೇಲೆ ನಿಮಗೆ ಗೊತ್ತಾಗಿರುತ್ತೆ. ನನಗೆ ಗೊತ್ತಾಗಲಿಲ್ಲ.

ಎರಡು ವಾರ ಕಳೆದಿತ್ತು. ಅವತ್ತು ನಾನು ಕೆಲಸ ಮಾಡುವ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೀಟಿಂಗು. ಹೊಸ ಕಾಯಿಲೆಯ ಗುಳ್ಳೆ ಕಂಡರೆ ಏನು ಮಾಡಬೇಕು ಅಂತ ಒಂದು ಕಾಗದ ಓದಿದರು. ಹತ್ತಿರ ಒಡನಾಡಿದ ಯಾರಿಗೆ ಬೇಕಾದರೂ ಬರಬಹುದು ಅಂತಲೇ ಅದರಲ್ಲಿತ್ತು. ನಮ್ಮ ಕಿವಿಗೆ ಬಿದ್ದಿದ್ದು ಮಾತ್ರ ಗಂಡಸರ ಜೊತೆ ಮಲಗೋ ಗಂಡಸರು ಅನ್ನೋ ಒಂದೇ ಸಾಲು. ಯಾರೋ "ಅನುಭವಿಸ್ಲಿ ಬಿಡು" ಅಂದರು. ಎಲ್ಲರೂ ನಕ್ಕರು. ನಗದೆ ಕೂತರೆ ಯಾಕೆ ಅಂತ ಕೇಳಿಬಿಟ್ಟಾರು ಅಂತ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಮನೆಗೆ ಬಂದರೆ ತಮ್ಮ ನಡುಮನೆಯಲ್ಲಿ ಅಂಗಿ ಬಿಚ್ಚಿ ಚಾಪೆ ಮೇಲೆ ಕೂತಿದ್ದ. ಜ್ವರ, ಎದೆ ತುಂಬ ಗುಳ್ಳೆ. ಅಕ್ಕ ನೋಡ್ಕೋತಾಳೆ ಅಂತ ಅಂಗಡಿ ಮುಚ್ಚಿ ಬಸ್ಸು ಹತ್ತಿ ಬಂದಿದ್ದ. "ಚಿಕ್ಕೋನಿದ್ದಾಗ ಬರ್ನಿಲ್ಲ, ಈಗ ಬಂದವಳೆ ನೋಡು ಅಮ್ಮ," ಅಂದುಕೊಂಡು ಅವ್ವ ಹಿತ್ತಲಿಗೆ ಬೇವು ಕೀಳಕ್ಕೆ ಹೋದಳು.

ನಾನು ಹೊಸ್ತಿಲ ಹತ್ತಿರವೇ ನಿಂತೆ. ಬ್ಯಾಗಿನಿಂದ ಮಾಸ್ಕ್ ತೆಗೆದು ಹಾಕಿಕೊಂಡೆ, ಗ್ಲೌಸ್ ಹಾಕಿಕೊಂಡೆ. ಹಾಕಿಕೊಂಡಿದ್ದು ತಪ್ಪಲ್ಲ. ಹಾಕಿಕೊಂಡ ಮೇಲೆ ಹತ್ತಿರ ಹೋಗಬೇಕಿತ್ತು, ಅವು ಇರೋದೇ ಅದಕ್ಕೆ. ಅವನ ಬೆನ್ನು ನೋಡಬೇಕಿತ್ತು. ನೋಡಿದ್ದರೆ ಒಂದು ಗುಳ್ಳೆ ಒಣಗುವಾಗ ಪಕ್ಕದಲ್ಲಿ ಇನ್ನೊಂದು ಆಗತಾನೆ ಏಳುತ್ತಿರೋದು ಕಾಣುತ್ತಿತ್ತು. ಚಿಕನ್ ಪಾಕ್ಸ್ ಹೀಗಿರುತ್ತೆ ಅಂತ ಹೊಸದಾಗಿ ಸೇರುವ ಹುಡುಗಿಯರಿಗೆ ಹೇಳಿಕೊಡೋದು ನಾನೇ. ನೋಡಲಿಲ್ಲ. ನಿಂತಲ್ಲಿಂದಲೇ ಕೇಳಿದೆ.

"ಯಾರ್ ಯಾರ್ ಜೊತೆ ಮಲಗಿದ್ದೆ, ಏಳ್ಲಾ. ಆ ಆಸನದೋನು ಒಬ್ನೇನಾ, ಇನ್ನೂ ಅವ್ರಾ?"

ಅವ್ವ ಹಿತ್ತಲ ಬಾಗಿಲಲ್ಲಿ ಬೇವು ಹಿಡಿದು ನಿಂತಿದ್ದಳು. ತಮ್ಮ ನನ್ನ ಕಡೆ ನೋಡಲಿಲ್ಲ, ಅವಳನ್ನು ನೋಡಿದ. ಆರು ವರ್ಷ ನಾನೇ ಮುಚ್ಚಿಡು ಅಂದಿದ್ದನ್ನ ನಾನೇ ಹೊರಗೆ ಎಸೆದಿದ್ದೆ. ಅಂಗಿ ಹಾಕಿಕೊಂಡ. ಗುಂಡಿ ಹಾಕೋಕೆ ಬಹಳ ಹೊತ್ತು ಹಿಡಿಯಿತು. "ಬತ್ತೀನಿ ಕಣವ್ವ," ಅಂದು ಎದ್ದ. ಮಗಳು ಸ್ಕೂಲಿನಿಂದ ಬರುವ ಮುಂಚೆ ಹೋದರೆ ಸಾಕಪ್ಪ ಅಂತ ನಾನು ಬಾಗಿಲು ಬಿಟ್ಟು ದೂರ ಸರಿದೆ. ಆಮೇಲೆ ಚಾಪೆ ಸುಟ್ಟು, ನೆಲಕ್ಕೆ ಫಿನಾಯಿಲ್ ಸುರಿದು ತಿಕ್ಕಿದೆ. ಅವನು ಹೋಗಿ ಅರ್ಧ ಗಂಟೆಯಾದ ಮೇಲೆ ಅವ್ವ ಸ್ಟೂಲ್ ಎಳೆದುಕೊಂಡು ಹತ್ತಿ, ಯಾರೂ ಮಲಗಿಲ್ಲದ ಮನೆಯ ಬಾಗಿಲಿಗೆ ಆ ಬೇವನ್ನ ಕಟ್ಟಿದಳು.

ಐದು ದಿನ ನಾನು ಫೋನ್ ಮಾಡಲಿಲ್ಲ. ಆರನೇ ದಿನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕ, ನಾನು ಆಸನದೋನು," ಅಂದ ಆ ಕಡೆಯವನು. ಹೆಸರು ಹೇಳಲಿಲ್ಲ. ನಾನು ಯಾವತ್ತೂ ಕೇಳಿದವಳಲ್ಲ ಅಂತ ಅವನಿಗೂ ಗೊತ್ತಿತ್ತು.

"ಅವನ್ಗೆ ಉಸ್ರು ಸಿಕ್ತಾ ಇಲ್ಲ ಅಕ್ಕ. ಶಟರ್ ಎಳ್ಕಂಡು ಒಳಗೇ ಮಲ್ಗಿದ್ದ, ನನ್ನೂ ಬರ್ಬ್ಯಾಡ ಅಂದಿದ್ದ. ಆಸ್ಪತ್ರೆಗೆ ಓಗಾನ ಅಂದ್ರೆ, ನಮ್ಮಕ್ಕನೇ ಅಂಗ್ ಕೇಳುದ್ಲು, ಬ್ಯಾರೇರು ಇನ್ನೇನ್ ಕೇಳಾರು ಅಂತಾನೆ. ಒತ್ಕಂಡ್ ಬಂದ್ ಆಸನದಲ್ಲಿ ಅಡ್ಮಿಟ್ ಮಾಡಿವ್ನಿ."

ಹಾಸನಕ್ಕೆ ಹೇಗೆ ಹೋದೆನೋ ಗೊತ್ತಿಲ್ಲ. ಪರದೆ ಎಳೆದ ಹಾಸಿಗೆಯಲ್ಲಿ ತಮ್ಮ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ; ಗುಳ್ಳೆ ಶ್ವಾಸಕೋಶಕ್ಕೂ ಇಳಿದಿತ್ತು. ಡಾಕ್ಟರಮ್ಮ ನನಗಿಂತ ಎಷ್ಟೋ ಚಿಕ್ಕವಳು. ಅವಳ ದನಿ ಎಷ್ಟು ಮೆಲ್ಲಗಿತ್ತು ಅಂದರೆ ನಾನು ಬಗ್ಗಿ ಕೇಳಬೇಕಾಯಿತು. "ಎಲ್ಲರನ್ನೂ ಕೇಳೋದನ್ನೇ ಇವರನ್ನೂ ಕೇಳಿದ್ದೀನಿ. ಸ್ಯಾಂಪಲ್ಲೂ ಕಳಿಸಿದ್ದೀವಿ. ನೋಡಿದರೆ ಚಿಕನ್ ಪಾಕ್ಸ್ ಅನ್ಸುತ್ತೆ. ಈಚೆಗೆ ಮನೆಯಲ್ಲಿ ಮಕ್ಕಳಿಗೆ ಯಾರಿಗಾದರೂ ಆಗಿತ್ತಾ?"

ಅವನು ಮಗಳ ಪಕ್ಕ ಕೂತಿದ್ದ ಭಾನುವಾರದಿಂದ ಬೆರಳು ಮಡಚಿ ದಿನ ಎಣಿಸಿದೆ. "ನನ್ನ ಮಗಳಿಗೆ," ಅಂದೆ. ಇಪ್ಪತ್ತೆರಡು ವರ್ಷದ ನರ್ಸು, ನನ್ನ ಮನೆಯಿಂದಲೇ ಅವನಿಗೆ ಅಂಟಿಸಿ, ನನ್ನ ಮನೆಯಿಂದಲೇ ಓಡಿಸಿದ್ದೆ. ಮಂಕಿಪಾಕ್ಸೇ ಆಗಿದ್ದಿದ್ದರೂ ಅವನು ಇರಬೇಕಿದ್ದದ್ದು ಆ ಹಾಸಿಗೆಯಲ್ಲೇ, ಐದು ದಿನ ಮುಂಚೆ. ಇದನ್ನ ಯಾರಿಗೆ ಹೇಳಲಿ? ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ಆ ಗೆಳೆಯ ಒಂದು ಲೋಟ ಟೀ ತಂದು ಕೈಗಿಟ್ಟ.

ಒಂಬತ್ತು ದಿನಕ್ಕೆ ತಮ್ಮ ಎದ್ದು ಕೂತ. "ತಪ್ಪಾಯ್ತು ಕಣಪ್ಪ" ಅಂದೆ. "ಓಗ್ಲಿ ಬಿಡಕ್ಕ" ಅಂದ. ಬೈದಿದ್ದರೆ ನೆಮ್ಮದಿಯಾಗಿರುತ್ತಿತ್ತು. ಅಲ್ಲಿಂದ ಅವನು ಗೆಳೆಯನ ಮನೆಗೆ ಹೋದ, ನಮ್ಮ ಮನೆಗಲ್ಲ. ಅವ್ವ ಅವತ್ತು ಒಂದೇ ಮಾತು ಆಡಿದಳು: "ಅವನು ಯಾರ್ ಜೊತೆಗಾರ ಇರ್ಲಿ ಕಣೆ. ಅಮ್ಮ ಬಂದಿದ್ದೋನ್ನ ಬೈದು ಕಳಿಸ್ಬುಟ್ಟೆ ನೀನು."

ಮೊನ್ನೆ ಮಳೆಗಾಲದಲ್ಲಿ ಊರೆಲ್ಲ ಡೆಂಗ್ಯೂ. ಅದೇ ಗೆಳೆಯನ ಫೋನು: "ನಾನು ಚನ್ನರಾಯಪಟ್ಟಣದಲ್ಲಿವ್ನಿ ಅಕ್ಕ, ಬರೋದು ತಡ ಆಗ್ತದೆ. ಅವನ್ಗೆ ಜ್ವರ. ನಿಮ್ಗೆ ಏಳ್ಬ್ಯಾಡ ಅಂದವ್ನೆ, ನಾನೇ ಏಳ್ತಾ ಇವ್ನಿ." ಹುಷಾರಾದ ಮೇಲೆ ಅವನು ಮತ್ತೆ ಸೇರಿಕೊಂಡಿದ್ದ ಅರಕಲಗೂಡಿನ ಅಂಗಡಿಗೆ ಹೋದೆ. ಶಟರ್ ಅರ್ಧ ಇಳಿದಿತ್ತು. ಬಗ್ಗಿ "ನಾನು ಕಣೋ" ಅಂದೆ. ಒಳಗಿನಿಂದ ಅವನ ದನಿ.

"ಕೇಳಿ ಒಳಗ್ ಬತ್ತೀಯೋ, ಒಳಗ್ ಬಂದು ಕೇಳ್ತೀಯೋ?"

ಬಗ್ಗಿ ಒಳಗೆ ಹೋಗಿ, ಅವನ ಹಾಸಿಗೆ ಮೇಲೆ ಕೂತು, ಹಣೆ ಮುಟ್ಟಿದೆ. ಕಾದ ಹಂಚಿನ ಹಾಗೆ ಸುಡುತ್ತಿತ್ತು. "ಏನೂ ಕೇಳಲ್ಲ ಕಣೋ" ಅಂದೆ.

"ಕೇಳು. ನರ್ಸಲ್ವಾ ನೀನು. ಕೇಳೋ ತರ ಕೇಳು."

ಆ ಡಾಕ್ಟರಮ್ಮನ ಹಾಗೆ ಮೆಲ್ಲಗೆ ಕೇಳೋಕೆ ನೋಡಿದೆ. "ಎಷ್ಟು ದಿನದಿಂದ ಜ್ವರ?"

ಗೋಡೆ ಕಡೆ ತಿರುಗಿ "ನಾಕು" ಅಂದ. ನಾಲ್ಕು ದಿನ ಯಾರಿಗೂ ಹೇಳದೆ ಮಲಗಿದ್ದ. ಯಾಕೆ ಅಂತ ಮಾತ್ರ ನಾನು ಕೇಳಲಿಲ್ಲ.