ಅಯ್ಯಾ ಎಂದೂ ಸೋಲದ ಕ್ಯಾರಮ್

ನಾನು ಲಂಗ ತೊಟ್ಟು ಓಡಾಡುತ್ತಿದ್ದ ಆ ಕಾಲದಲ್ಲಿ, ಮದ್ರಾಸಿನ ತ್ರಿಪ್ಲಿಕೇನ್ ಕಡೆಯ ಒಂದು ಪೊಲೀಸ್ ಕ್ರೀಡಾ ಕ್ಲಬ್ಬಿನ ಕ್ಯಾಂಟೀನು ನಮ್ಮದಾಗಿತ್ತು. ಕ್ಲಬ್ಬಿನ ಹೆಸರು ಬೇಡ. ಹೇಳಿಕೊಳ್ಳುವಂಥ ಮರ್ಯಾದೆ ಅದಕ್ಕಿರಲಿಲ್ಲ. ಈಗ ಯಾರೋ ಅದರ ಇತಿಹಾಸ ಬರೆಯುತ್ತಿದ್ದಾರಂತೆ. ಹಳಬರು ನಾಲ್ಕು ಮಾತು ಹೇಳಿ ಎಂದು ನನಗೂ ಫೋನ್ ಬಂತು. ನಾನು ಹೇಳಿದ್ದನ್ನು ಅಚ್ಚು ಹಾಕುವ ಧೈರ್ಯ ಅವರಿಗಿಲ್ಲ, ಅದಕ್ಕೇ ಇಲ್ಲಿ ಹೇಳುತ್ತೇನೆ.

ಬೋಂಡಾದ ಎಣ್ಣೆ, ಸಾಂಬಾರಿನ ಇಂಗು, ಒದ್ದೆ ಕ್ಯಾನ್ವಾಸ್ ಶೂ, ಇವೆಲ್ಲ ಕಲೆತ ವಾಸನೆ ಆ ಜಾಗದ್ದು. ಸದಸ್ಯರು ಆಡಿದ್ದಕ್ಕಿಂತ ತಿಂದದ್ದೇ ಹೆಚ್ಚು. ವರ್ಷಕ್ಕೊಮ್ಮೆ ಕ್ರೀಡಾಕೂಟ ಬಂದರೆ ಮಾತ್ರ ಹೊಟ್ಟೆ ಒಳಗೆಳೆದುಕೊಂಡು ಓಡಾಡುತ್ತಿದ್ದರು. ಕ್ಯಾರಮ್ ಫೈನಲ್ಲಿಗೆ ಒಂದು ಪದ್ಧತಿಯಿತ್ತು. ಅಧ್ಯಕ್ಷರಾದ ದೊಡ್ಡ ಅಧಿಕಾರಿ, ಎಲ್ಲರ ಬಾಯಲ್ಲಿ 'ಅಯ್ಯಾ', ಗೆಲ್ಲಲೇಬೇಕು. ಅವರು ಸ್ಟ್ರೈಕರನ್ನೇ ಪಾಕೆಟ್ಟಿಗೆ ಕೆಡವಿ ತಪ್ಪು ಮಾಡಿದರೆ ತೀರ್ಪು ಕೊಡುವ ಇನ್‌ಸ್ಪೆಕ್ಟರು ಸೀಲಿಂಗ್ ಫ್ಯಾನು ನೋಡುತ್ತಿದ್ದರು. ಎದುರಿನ ಕಾನ್‌ಸ್ಟೇಬಲ್ ಕಣ್ಣುಮುಚ್ಚಿ ಹಾಕಬಹುದಾದ ಕಾಯಿಯನ್ನು ತಪ್ಪಿಸಿ ಹಣೆ ಚಚ್ಚಿಕೊಳ್ಳುತ್ತಿದ್ದ. ರಾಯಪುರಂ ಗಲ್ಲಿಗಳಲ್ಲಿ ಪಳಗಿದ ಕೈಗಳವು, ಸೋಲುವುದನ್ನು ಇಲ್ಲಿ ಬಂದು ಕಲಿತವು. ಇವರು ಕಳ್ಳರನ್ನು ಹಿಡಿಯುವವರಂತೆ!

ನಮ್ಮ ಅಕ್ಕ ವನಜಾಳಿಗೆ ಕ್ಯಾರಮ್ ಕಲಿಸಿದ್ದು ಅಪ್ಪನೇ. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಹಳೆಯ ಬೋರ್ಡಿಗೆ ಪೌಡರ್ ಬದಲು ಅಕ್ಕಿಹಿಟ್ಟು ಉದುರಿಸಿ ಇಬ್ಬರೂ ಕೂರುತ್ತಿದ್ದರು. ಅಕ್ಕ ಸೋಲಿಸಿದಾಗಲೆಲ್ಲ ಅಪ್ಪ, "ಎಂತ ಕೈ ಮಾರಾಯ್ತಿ ನಿಂದ್!" ಎಂದು ಬನಿಯನ್ ಮೇಲೆತ್ತಿ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದ. ದಿನವಿಡೀ ಒಲೆಯ ಮುಂದೆ ಬೇಯುತ್ತಿದ್ದ ಅವನು ಹಾಗೆ ನಗುತ್ತಿದ್ದದ್ದು ಆಗ ಮಾತ್ರ.

ಆ ವರ್ಷ, ಕ್ಲಬ್ಬೆಂದರೆ ಒಂದೇ ಕುಟುಂಬ ಎಂದು ತೋರಿಸಿಕೊಳ್ಳುವ ಚಪಲಕ್ಕೆ, ಕ್ಯಾಂಟೀನಿನವರೂ ಆಡಬಹುದು ಎಂದರು. ಅಕ್ಕ ಎಲ್ಲರನ್ನೂ ಸೋಲಿಸಿ ಫೈನಲ್ಲಿಗೆ ಬಂದೇಬಿಟ್ಟಳು. ಎದುರಿಗೆ ಅಯ್ಯಾ.

ಅಪ್ಪ ಅಕ್ಕನನ್ನು ಒಲೆಯ ಬಳಿಗೆ ಕರೆದ. "ಬಿಟ್ಟ್ ಕೊಡ್ ಮಗಾ. ಅವ್ರಿಗೆ ಬೇಜಾರ್ ಆರೆ ಕ್ಯಾಂಟೀನ್ ಹೋತ್ತ್."

"ಮುಡಿಯಾದುಪ್ಪಾ. ಆಗೂದಿಲ್ಲ," ಎಂದಳು ಅಕ್ಕ.

ಅಯ್ಯಾ ಸ್ಟ್ರೈಕರ್ ಕೆಡವಿದರು, ಇನ್‌ಸ್ಪೆಕ್ಟರು ಫ್ಯಾನು ನೋಡಿದರು. ಆದರೂ ಅಕ್ಕನಿಗೆ ಕೊನೆಯ ಕಾಯಿ ಒಂದೇ ಉಳಿಯಿತು, ಪಾಕೆಟ್ಟಿನ ಬಾಯಲ್ಲೇ. ಅಪ್ಪ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಕ್ಕ ಅವನನ್ನು ಒಮ್ಮೆ ನೋಡಿ ಕಾಯಿ ಹಾಕಿದಳು.

ಎಲ್ಲರೂ ಅಯ್ಯಾ ಕಡೆ ತಿರುಗಿದರು. ಅಯ್ಯಾ ಮೀಸೆಯಡಿ ನಕ್ಕು, "ಪರವಾಯಿಲ್ಲಯೇ! ಇದು ಸುಮ್ಮಾ ಆಟಂ ದಾನೇ?" ಎಂದರು. ಅಷ್ಟು ಸಾಕಾಯಿತು. ಇನ್‌ಸ್ಪೆಕ್ಟರು ಎದ್ದು, ಇದು ಬರೀ ಮಕ್ಕಳ ಸಂತೋಷಕ್ಕೆ ಆಡಿದ ಆಟ, ಗೆದ್ದವರ ಕಪ್ ಅಯ್ಯಾ ಅವರಿಗೇ ಎಂದು ಘೋಷಿಸಿದರು. ನಾಚಿಕೆಗೆಟ್ಟ ಆ ಹಾಲ್ ಪೂರಾ ಚಪ್ಪಾಳೆ ತಟ್ಟಿತು. ಅಪ್ಪ ತಟ್ಟೆ ಕೆಳಗಿಟ್ಟು ಎಲ್ಲರಿಗಿಂತ ಜೋರಾಗಿ ತಟ್ಟಿದ. ಅಕ್ಕ ಅದನ್ನು ನೋಡಿದಳು.

ಕ್ಯಾಂಟೀನು ಉಳಿಯಿತು. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪ ತಾನೇ ಬೋರ್ಡು ಹಾಸಿ, ಹಿಟ್ಟು ಉದುರಿಸಿ ಕರೆದ. "ಬಾ ಮಗಾ, ಒಂದ್ ಆಟ ಆಡ್ವಾ."

"ಆಡೂದ್ ಎಂತಕ್ಕಪ್ಪಾ? ನೀನೇ ಗೆದ್ದೆ ಅಂದ್ರೆ ಆಯ್ತ್. ಚಪ್ಪಾಳಿ ನಾನ್ ಹೊಡಿತೆ," ಎಂದಳು ಅಕ್ಕ.

ಅಪ್ಪ ಹಿಟ್ಟು ಒರೆಸಿದ. ಅವನು ತೀರಿಕೊಳ್ಳುವವರೆಗೂ ಅಕ್ಕ ಅವನೆದುರು ಆಟಕ್ಕೆ ಕೂರಲಿಲ್ಲ. ಕ್ಲಬ್ಬಿಗೆ ಈಗ ಏಸಿ ಬಂದಿದೆ, ಹೊಸ ಅಯ್ಯಾಗಳು ಬಂದಿದ್ದಾರೆ. ಮಗಳ ಕೈಯಲ್ಲಿ ಸೋತು ಮನಸಾರೆ ನಗುತ್ತಿದ್ದ ನಮ್ಮಪ್ಪನನ್ನು ಮಾತ್ರ ಆ ಫೈನಲ್ಲಿನ ನಂತರ ನಾವ್ಯಾರೂ ನೋಡಲಿಲ್ಲ.