ಸರ್ವರ್ ಕೋಣೆಯ ಹಾಡುಗಾರ

ಆ ಮುದ್ರಣಾಲಯದಲ್ಲಿ ಸರ್ವರ್ ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಡಾಕ್ಟ್ರಮ್ಮ ಅನ್ನುತ್ತಿದ್ದರು. ಗದರಿಸಿ ಬಾಯಿ ಬಿಡಿಸುವುದು ಅವಳ ಜಾಯಮಾನವಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಮಾವ ಕದ್ದು ಸಕ್ಕರೆ ಮುಕ್ಕುತ್ತಿದ್ದಾಗ, "ಡಬ್ಬಿಯಲ್ಲಿ ಹಲ್ಲಿ ಬಿದ್ದಿತ್ತು" ಎಂದು ಗಾಳಿಗೆ ಮಾತು ತೇಲಿಬಿಟ್ಟಿದ್ದಳಷ್ಟೇ. ಮಾವ ತಾವಾಗಿ ಬಾಯಿ ತೊಳೆಯಲು ಓಡಿದ್ದರು.

ಈಗ ಸರ್ವರ್ ಹೊತ್ತಲ್ಲದ ಹೊತ್ತಿಗೆ ಮಕಾಡೆ ಮಲಗುತ್ತಿತ್ತು. ಮ್ಯಾನೇಜರ್ ಕರೆಂಟನ್ನು ಬೈದರು. ಅವರದು ನಕ್ಕರೆ ಸಂಬಳ ಕಡಿತವಾಗುತ್ತದೇನೋ ಎಂಬಂಥ ಮುಖ.

ಬೀಳುವ ಮುನ್ನ ಕರ್ನಲ್, ಅಂದರೆ ಸರ್ವರನ್ನು ನಡೆಸುವ ಮೂಲ ತಂತ್ರಾಂಶ, ಪರದೆಯ ಮೇಲೆ ಬಿಟ್ಟುಹೋಗುತ್ತಿದ್ದ ಸಾಲುಗಳನ್ನು ಡಾಕ್ಟ್ರಮ್ಮ ಓದಿದಳು. ಪ್ರತಿ ಸಲವೂ ಕರ್ನಲ್ಲಿಗೆ ಜೋಡಿಸಿದ ಒಂದೇ ಪುಟ್ಟ ತುಣುಕಿನ, ಒಂದೇ ಮಾಡ್ಯೂಲಿನ ಹೆಸರು. ಹಳೇ ಕಾಲದ ಡಿಸ್ಕುಗಳಲ್ಲಿ ಕಡತ ಜೋಡಿಸುತ್ತಿದ್ದ ಕ್ರಮವಾದ ಫೈಲ್ ಸಿಸ್ಟಮ್ ಓದುವುದಷ್ಟೇ ಅದರ ಕೆಲಸ. ಆದರೆ ಆಫೀಸಿನಲ್ಲಿ ಅಂಥ ಡಿಸ್ಕೇ ಇರಲಿಲ್ಲ. ಅಂದಮೇಲೆ ಯಾರೋ ಹೊರಗಿನಿಂದ ತಂದು ಚುಚ್ಚುತ್ತಿದ್ದಾರೆ. ಕೇಳಿದರೆ ಎಲ್ಲರೂ ಸಾಚಾಗಳೇ.

ಟೀ ಕುಡಿಯುವಾಗ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಸರ್ವರಿಗೆ ಯಾವ ಡಿಸ್ಕ್ ಚುಚ್ಚಿದ್ರೂ ಅದರದ್ದೊಂದು ನಕಲು ಒಳಗೇ ಉಳಿದಿರುತ್ತೆ. ಊಟ ಆದ್ಮೇಲೆ ಎಲ್ಲರ ಪರದೆ ಮೇಲೂ ಹಾಕ್ತೀನಿ. ಯಾರದ್ದು ಅಂತ ನೀವೇ ಗುರುತು ಹಿಡೀರಿ."

ಹಸಿ ಹಸಿ ಸುಳ್ಳು. ಹೇಳಿ, ಹೋಗಿ ಸರ್ವರ್ ಕೋಣೆಯ ಮೂಲೆಯಲ್ಲಿ ಕೂತಳು. ಊಟದ ಗಂಟೆ ಹೊಡೆದದ್ದೇ ತಡ, ಬೆಕ್ಕಿನ ಹೆಜ್ಜೆ ಇಡುತ್ತ ಒಬ್ಬರು ಒಳಬಂದರು. ಮ್ಯಾನೇಜರ್!

"ಬನ್ನಿ ಸಾರ್, ಊಟ ಆಯ್ತಾ?"

ಅವರ ಜೇಬಿನಿಂದ ಡಿಸ್ಕ್ ಹೊರಬಂತು. "ಆ ನಕಲು ಅಳಿಸೋಣ ಅಂತ ಬಂದೆ. ನಾನು ಹಾಡಿದ್ದು ಕಣಮ್ಮ, ಕಾಲೇಜು ದಿನಗಳಲ್ಲಿ. ಇದನ್ನ ಓದೋದು ಈ ಸರ್ವರ್ ಒಂದೇ. ಅದೂ ಒಂದೊಂದ್ಸಲ. ಇಲ್ಲಿ ಫ್ಯಾನ್ ಸದ್ದಲ್ಲಿ ಜೊತೆಗೆ ಹಾಡಿಕೊಂಡ್ರೂ ಹೊರಗೆ ಯಾರಿಗೂ ಕೇಳಲ್ಲ."

ಅವಳು ನಗುವನ್ನು ಕೆಮ್ಮಿನಲ್ಲಿ ಮುಚ್ಚಿದಳು. ಮೂಲೆಯ ಹಳೇ ಕಂಪ್ಯೂಟರಿಗೆ ಅದೇ ಮಾಡ್ಯೂಲ್ ಹಾಕಿ ಡಿಸ್ಕ್ ಚುಚ್ಚಿದಳು. ಎರಡನೇ ಸಲಕ್ಕೆ ಅದೂ ಸರ್ವರಿನಂತೆ ಮಕಾಡೆ ಮಲಗಿತು. ಡಿಸ್ಕ್ ಎಂದೋ ಕೆಳಗೆ ಬಿದ್ದು ಒಳಗಿನ ಬರಹ ಅಲ್ಲಲ್ಲಿ ಕಲಸಿಹೋಗಿತ್ತು. ಅಂಥ ಜಾಗ ಸಿಕ್ಕಾಗ "ಓದಲಾಗದು" ಎಂದು ಸುಮ್ಮನಾಗಬೇಕಿದ್ದ ಮಾಡ್ಯೂಲ್ ಮುಗ್ಗರಿಸುತ್ತಿತ್ತು. ಕರ್ನಲ್ಲಿನ ಮಡಿಲಲ್ಲೇ ಕೂತದ್ದರಿಂದ ಅದನ್ನೂ ಜೊತೆಗೆ ಬೀಳಿಸುತ್ತಿತ್ತು. ಸರ್ವರಿನಿಂದ ಆ ಮಾಡ್ಯೂಲನ್ನು ಕಿತ್ತಳು. ಹಾಡುಗಳನ್ನು ಬೇರೆ ಉಪಾಯದಿಂದ ಒಂದೊಂದಾಗಿ ಹೆಕ್ಕಿ ಹೊಸ ಡಿಸ್ಕಿಗೆ ತುಂಬಿದಳು.

ಅದನ್ನು ಕೊಟ್ಟಾಗ ಮ್ಯಾನೇಜರ್ ತಗ್ಗಿದ ದನಿಯಲ್ಲಿ ಕೇಳಿದರು: "ಮಾಲೀಕರಿಗೆ ಏನಂತೀರಾ?"

"ಮಾಡ್ಯೂಲಿಂದೇ ತಪ್ಪು ಅಂತ. ಸುಳ್ಳೇನಲ್ವಲ್ಲ."

"ಹಾಡು... ಕೇಳಿದ್ರಾ?"

"ಒಂದೇ ಒಂದು. ಚರಣಕ್ಕೆ ಬರೋ ಹೊತ್ತಿಗೆ ನಿಮಗೆ ಉಸಿರು ಸಾಲಲ್ಲ ಸಾರ್."

ಮ್ಯಾನೇಜರ್ ಎದ್ದು ಬಾಗಿಲು ಮುಚ್ಚಿ ಬಂದರು. "ಹಾಗಾದ್ರೆ ಉಸಿರು ಎಲ್ಲಿ ತಗೋಬೇಕಿತ್ತು, ಹೇಳಿ."